ಅಂಕೋರ್ ವಾಟ್ ಮತ್ತು ನಮ್ಮ ಇಟಗಿ

ಕಾಂಬೋಡಿಯಾದ ಅಂಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಕೆತ್ತಿರುವ ಸಮುದ್ರಮಥನದ ಉಬ್ಬುಶಿಲ್ಪವನ್ನು ನೋಡಿದೆ. ವಾಸುಕಿಯನ್ನು ಹಿಡಿದೆಳೆಯುವ ದೇವದಾನವರು, ನಡುವೆ ವಿಷ್ಣು, ಕೆಳಗೆ ಕೂರ್ಮ, ಮೇಲೆ ತೇಲುವ ಅಪ್ಸರೆಯರು: ಇವರಲ್ಲಿ ಯಾರನ್ನೂ ಮಾರ್ಗದರ್ಶಿಯು ನಮ್ಮ ಕಡೆಯವರಿಗೆ ಪರಿಚಯಿಸಬೇಕಾಗಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕಾಲದ ಲೆಕ್ಕ. ನಮ್ಮ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುವ ಗುಡಿಯನ್ನು ಕಟ್ಟಿಸಿದ್ದು 1112ರಲ್ಲಿ. ಅಂಕೋರ್ ವಾಟ್‌ನ ನಿರ್ಮಾತೃ ಎರಡನೆಯ ಸೂರ್ಯವರ್ಮನು ಪಟ್ಟಕ್ಕೆ ಬಂದದ್ದು 1113ರಲ್ಲಿ. ಅಲ್ಲಿಯ ಮರಳುಗಲ್ಲಿನ ಗೋಪುರಗಳ ಅಗಾಧತೆಗೆ ಇಟಗಿಯಲ್ಲಿ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಬಳಪದ ಕಲ್ಲಿನಲ್ಲಿ ಕಡೆದ ಕಂಬಗಳ ನುಣುಪು ಮತ್ತು ಬಾಗಿಲುವಾಡಗಳ ಕುಸುರಿಯನ್ನು ನೆನೆದರೆ ನಮ್ಮ ಶಿಲ್ಪಿಗಳ ಕೈ ಒಂದು ತೂಕ ಹೆಚ್ಚೇ ಎನ್ನಿಸುತ್ತದೆ.

ವಿಷ್ಣುವಿಗಾಗಿ ಕಟ್ಟಿದ ಅಂಕೋರ್ ವಾಟ್ ಗುಡಿ ಮುಂದೆ ಬೌದ್ಧರದಾಯಿತು. ಆದರೂ ಪಶ್ಚಿಮ ದ್ವಾರದಲ್ಲಿರುವ ಎಂಟು ಕೈಗಳ ವಿಷ್ಣುಮೂರ್ತಿಗೆ ಕಾವಿ ವಸ್ತ್ರ ಹೊದಿಸಿ, ಅಲ್ಲಿಯ ಜನ ಇಂದಿಗೂ ಹೂವು, ಊದಿನಕಡ್ಡಿಗಳನ್ನು ಅರ್ಪಿಸುತ್ತಾರೆ.

ಅಂಕೋರ್ ನೋಡಲು ಹೊರಟ ಗೆಳೆಯರು ಅದಕ್ಕೂ ಮೊದಲು ಕುಕನೂರಿನ ದಾರಿ ಹಿಡಿದು, ಒಂದು ದಿನ ಇಟಗಿಯನ್ನು ನಿಧಾನವಾಗಿ ನೋಡಿ ಬರಬೇಕೆಂದು ಕೇಳಿಕೊಳ್ಳುತ್ತೇನೆ.