"ಸ್ಟಾರ್ ಯಾವಾಗ ಇಳಿಸ್ತೀರಿ ಮಿಸ್?"

ಫೆಬ್ರುವರಿ 2ಕ್ಕೆ. ಇಷ್ಟೇ ಉತ್ತರ. ಆತುರ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಉಳಿದವರಿಗೆ ಸಂಗತಿ ಹೇಳುತ್ತೇನೆ. ನಾವು ದಾವಣಗೆರೆಯ ಕ್ಯಾಥೊಲಿಕರು. ಡಿಸೆಂಬರ್ 24ರ ಸಂಜೆ ಮನೆ ಮುಂದೆ ಸ್ಟಾರ್ ಕಟ್ಟುತ್ತೇವೆ, ಒಳಗೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಿಸಿ ಗೋದಲಿ ಮಾಡುತ್ತೇವೆ, ಹಬ್ಬದ ಹಾಡು ಹಾಕುತ್ತೇವೆ. ಹೊಸ ವರ್ಷ ಬಂದು ಹೋದರೂ ಸ್ಟಾರ್ ಉರಿಯುತ್ತಲೇ ಇರುತ್ತದೆ. ಆಗ ಶುರುವಾಗುತ್ತದೆ ನೋಡಿ. ಹಾಲು ತರಲು ಹೋದರೆ ಕೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಬೆಣ್ಣೆ ದೋಸೆಗೆ ಕಾಯುತ್ತಾ ಕೂತರೆ ಪಕ್ಕದ ಟೇಬಲ್ಲಿನವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟು ಕೇಳುತ್ತಾರೆ. "ಇನ್ನಾ ಇಳಿಸಿಲ್ಲೇನ್ರಿ ಮಿಸ್?"

ಕೇಳಲಿ. ಕೇಳುವುದಕ್ಕೆ ಬೇಜಾರಿಲ್ಲ, ಕೇಳುವ ಧಾಟಿಗೆ ಬೇಜಾರು. ಕೆಲವರು "ಮರೆತು ಬಿಟ್ಟಿರಾ?" ಅನ್ನುತ್ತಾರೆ. ದಿನಾ ಸಂಜೆ ನಾನೇ ಸ್ವಿಚ್ ಹಾಕುತ್ತೇನೆ, ಮರೆಯುವುದು ಎಲ್ಲಿಂದ ಬಂತು? ಕೆಲವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ, "ಮನೇಲಿ ಏಣಿ ಇಲ್ಲೇನ್ರಿ?" ಅನ್ನುತ್ತಾರೆ. ಒಬ್ಬರ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ 26ನೇ ತಾರೀಕೇ ಕ್ರಿಸ್‌ಮಸ್ ಮರವನ್ನು ಫುಟ್‌ಪಾತಿಗೆ ಎಸೆಯುತ್ತಾರಂತೆ. ಎಸೆಯಲಿ. ನನ್ನದು ಅಮೆರಿಕದ ಸ್ಟಾರ್ ಅಲ್ಲ.

ಇನ್ನೊಬ್ಬರು ನಗುತ್ತಾ, "ಗೃಹಜ್ಯೋತಿ ಐತಿ ಅಂತ ಉರಿಸ್ತೀರೇನ್ರಿ?" ಅಂದರು. ಇದಕ್ಕೆ ಮಾತ್ರ ನಾನು ಲೆಕ್ಕ ಹಾಕಿ ತೋರಿಸಿದೆ. 9 ವ್ಯಾಟಿನ ಎಲ್‌ಇಡಿ ಬಲ್ಬು. ಸಂಜೆ 6ರಿಂದ ರಾತ್ರಿ 11ರವರೆಗೆ. ನಲವತ್ತು ದಿನ ಉರಿಸಿದರೂ 1.8 ಯೂನಿಟ್. ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ನನ್ನ ಸ್ಟಾರಿನಿಂದ ಖಜಾನೆ ಬರಿದಾಗುವುದಿಲ್ಲ, ನೆಮ್ಮದಿಯಾಗಿರಿ.

ತಮಾಷೆ ಏನು ಗೊತ್ತಾ? ಇದೇ ಜನ ಡಿಸೆಂಬರ್ ಮೊದಲ ವಾರದಲ್ಲಿ ಸಿಕ್ಕರೆ, "ಏನ್ ಮಿಸ್, ಈ ಸಲ ಹಬ್ಬ ಇಲ್ವಾ? ಸ್ಟಾರೇ ಹಾಕಿಲ್ಲ!" ಅನ್ನುತ್ತಾರೆ. ಯಾಕೆಂದರೆ ಆಗಲೇ ಬಟ್ಟೆ ಅಂಗಡಿಗಳಲ್ಲಿ ಹಾಡು ಶುರುವಾಗಿರುತ್ತದೆ. ಬಾಗಿಲಲ್ಲಿ ಕೆಂಪು ಟೋಪಿ ಹಾಕಿದ ಹುಡುಗ ನಿಂತಿರುತ್ತಾನೆ. ನಮಗೆ ಅದು ಆಗಮನ ಕಾಲ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳು ಕಾಯುವ ದಿನಗಳು. ಚರ್ಚಿನಲ್ಲಿ ಫಾದರ್ ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, 'ಮಹೋನ್ನತದಲ್ಲಿ ದೇವರಿಗೆ ಮಹಿಮೆ' ಹಾಡುವುದಿಲ್ಲ. ಅದನ್ನು ಕ್ರಿಸ್‌ಮಸ್ ರಾತ್ರಿಗೆ ಎತ್ತಿಡುತ್ತೇವೆ. ಅಂಗಡಿಯವರ ಹಬ್ಬ ಮುಗಿಯುವ ರಾತ್ರಿ ನಮ್ಮದು ಶುರು.

25 ಹಬ್ಬದ ಮೊದಲನೇ ದಿನ. ಇದು ನಾನು ಮಾಡಿದ ನಿಯಮ ಅಲ್ಲ. ಡಿಸೆಂಬರ್ 25ರಿಂದ ಜನವರಿ 6ರವರೆಗಿನ, ಅಂದರೆ ಮಗು ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬದವರೆಗಿನ ಹನ್ನೆರಡು ದಿನ ಹಬ್ಬದ ದಿನಗಳೇ ಅಂತ ಫ್ರಾನ್ಸಿನ ತೂರ್ ಎಂಬ ಊರಲ್ಲಿ ಸೇರಿದ ಬಿಷಪ್ಪರ ಸಭೆ ಕ್ರಿ.ಶ. 567ರಲ್ಲೇ ಹೇಳಿದೆ. ಇಂಗ್ಲೆಂಡಿನಲ್ಲಿ ಆ ಹನ್ನೆರಡು ದಿನ ದಾಟಿಯೂ ಅಲಂಕಾರ ಇಳಿಸದಿದ್ದರೆ ಅಪಶಕುನ ಅನ್ನುತ್ತಾರೆ. ಸ್ವೀಡನ್ನಿನವರು ಜನವರಿ 13ರವರೆಗೆ ಇಟ್ಟುಕೊಳ್ಳುತ್ತಾರೆ. ಪೋಲೆಂಡಿನಲ್ಲಿ ಫೆಬ್ರುವರಿ 2ರವರೆಗೂ ಹಬ್ಬದ ಹಾಡು ಹಾಡುತ್ತಾರೆ. ಫಿಲಿಪ್ಪೀನ್ಸಿನವರಂತೂ ಸೆಪ್ಟೆಂಬರಿನಲ್ಲೇ ಶುರು ಮಾಡುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ರಷ್ಯಾದಲ್ಲಿ, ಇಥಿಯೋಪಿಯಾದಲ್ಲಿ ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ. ನೀವು ನನಗೆ "ಮುಗೀತಲ್ರಿ ಹಬ್ಬ" ಅನ್ನುವ ಹೊತ್ತಿಗೆ ಅಲ್ಲಿ ಇನ್ನೂ ಆಗೇ ಇರುವುದಿಲ್ಲ.

ಇಲ್ಲಿ ಜಾಣರು ಒಂದು ಪಾಯಿಂಟ್ ಎತ್ತುತ್ತಾರೆ. "ಚರ್ಚಿನಲ್ಲೇ ಗೋದಲಿ ತೆಗೆದಾಯ್ತಲ್ಲ ಮಿಸ್?" ನಿಜ. 1969ರಲ್ಲಿ ಚರ್ಚಿನ ಪಂಚಾಂಗ ತಿದ್ದಿದ ಮೇಲೆ ಕ್ರಿಸ್‌ಮಸ್ ಕಾಲ ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಮುಗಿಯುತ್ತದೆ. ಅದು ಮೂರು ರಾಯರ ಹಬ್ಬದ ಬೆನ್ನಿಗೇ ಬರುತ್ತದೆ. ಫೆಬ್ರುವರಿ 2 ಅನ್ನುವುದು ಹಳೆಯ ಪದ್ಧತಿ. ನಮ್ಮ ಅತ್ತೆಯೂ ಹಳೆಯ ಪದ್ಧತಿಯವರು. ಫಾದರ್ ಜೊತೆ ವಾದ ಮಾಡಬಹುದು, ಅತ್ತೆ ಜೊತೆ ಆಗುವುದಿಲ್ಲ.

ಈಗ ಏಣಿಯ ಕಥೆಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಈ ಬರಹ ಶುರು ಮಾಡಿದ್ದೇ ಅದಕ್ಕೆ.

ಒಂದು ವರ್ಷ ಸಂಕ್ರಾಂತಿ ರಜೆಗೆ ಹರಿಹರದ ತವರಿಗೆ ಹೋಗಿದ್ದೆ. ಸಂಜೆ ವಾಪಸ್ ಬಂದು ನೋಡಿದರೆ ಸ್ಟಾರ್ ಇಲ್ಲ. ಕಟ್ಟೆಯ ಮೇಲೆ ನೀಟಾಗಿ ಮಡಚಿಟ್ಟಿದೆ. ವೈರ್ ಸುತ್ತಿ ದಾರ ಕಟ್ಟಿದ್ದಾರೆ. ಬಲ್ಬನ್ನು ಪೇಪರಿನಲ್ಲಿ ಸುತ್ತಿ ಪಕ್ಕದಲ್ಲಿ ಇಟ್ಟಿದ್ದಾರೆ. ಕಳ್ಳ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ನಮ್ಮ ಬೀದಿಯ ಅಂಕಲ್ ಬಂದರು. ರಿಟೈರ್ ಆದವರು, ಯಾರ ಮನೆ ನಲ್ಲಿ ಸೋರಿದರೂ ಇವರಿಗೆ ನಿದ್ದೆ ಬರುವುದಿಲ್ಲ. "ಮಿಸ್, ನೀವು ಸ್ಕೂಲು, ಮನೆ ಅಂತ ಓಡಾಡ್ತೀರಿ. ನಿಮ್ ಯಜಮಾನ್ರು ಊರಲ್ಲಿರಲ್ಲ. ಅದಕ್ಕೆ ಏಣಿ ತಂದು ನಾನೇ ಇಳಿಸ್ದೆ ನೋಡ್ರಿ" ಅಂದರು. ಮುಖದಲ್ಲಿ ಏನು ಸಂತೋಷ!

ಬೈಯಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಆಂಟಿ, ಎಳ್ಳು-ಬೆಲ್ಲದ ತಟ್ಟೆ ಮುಂದೆ ಹಿಡಿದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ." ವರ್ಷದ 365 ದಿನದಲ್ಲಿ ಬಾಯಿ ಕಟ್ಟಿಹಾಕುವ ದಿನ ಇದೊಂದೇ, ಅಂಕಲ್ ಅದೇ ದಿನ ಏಣಿ ತಂದಿದ್ದರು. ಎಳ್ಳು ಅಗಿಯುತ್ತಾ ನಿಂತೆ. ಅತ್ತೆ ಒಳಗಿಂದ ಎದ್ದು ಬಂದರು. ಮಧ್ಯಾಹ್ನ ಮಲಗಿದ್ದರಂತೆ, ಸದ್ದೇ ಕೇಳಿಸಿಲ್ಲ. ಅವರ ಬಾಯಿಗೆ ಇನ್ನೂ ಎಳ್ಳು ಬಿದ್ದಿರಲಿಲ್ಲ. "ಬಾಣಂತಿ ಮನೆ ದೀಪ ಯಾರಪ್ಪಾ ಆರಿಸಿದ್ದು?" ಅಂದರು.

ಅಂಕಲ್‌ಗೆ ಗಾಬರಿ. ಯಾವ ಬಾಣಂತಿ?

ಅತ್ತೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ, ನನಗಿಂತ ಚೆನ್ನಾಗಿ ಹೇಳಿದರು. ಯೇಸುವಿನ ತಾಯಿ ಮರಿಯಮ್ಮನಿಗೆ ಹೆರಿಗೆಯಾಗಿದ್ದು 25ಕ್ಕೆ. ಅವರ ಕಾಲದ ಮೋಶೆಯ ಧರ್ಮಶಾಸ್ತ್ರದಂತೆ ಗಂಡು ಮಗು ಹುಟ್ಟಿದರೆ ತಾಯಿ ನಲವತ್ತು ದಿನ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ. 25ರಿಂದ ಬೆರಳು ಮಡಚಿಕೊಂಡು ಬನ್ನಿ, ನಲವತ್ತನೇ ದಿನ ಫೆಬ್ರುವರಿ 2. ಅವತ್ತು ಮಗುವನ್ನು ಎತ್ತಿಕೊಂಡು ಜೆರುಸಲೇಮಿನ ದೇವಾಲಯಕ್ಕೆ ಹೋದರು. ಬಡವರು, ಕುರಿಮರಿ ಕೊಡಲು ಶಕ್ತಿ ಇಲ್ಲದವರು ಎರಡು ಪಾರಿವಾಳದ ಮರಿ ಕೊಟ್ಟರೂ ನಡೆಯುತ್ತಿತ್ತು. ಅಲ್ಲಿ ಸಿಮೆಯೋನ ಎಂಬ ಮುದುಕ ಮಗುವನ್ನು ಎತ್ತಿಕೊಂಡು, ಇದು ಎಲ್ಲ ಜನಕ್ಕೂ ಬೆಳಕು ಅಂದ. ಲೂಕ ಬರೆದಿದ್ದಾನೆ. ಅದಕ್ಕೇ ಅವತ್ತು ಚರ್ಚಿನಲ್ಲಿ ಮೇಣದಬತ್ತಿಗಳನ್ನು ಆಶೀರ್ವದಿಸಿ ಹಚ್ಚುತ್ತಾರೆ.

ಆಂಟಿಗೆ ಅಷ್ಟೇ ಸಾಕಾಯಿತು. ಗಂಡನ ಕಡೆ ತಿರುಗಿ, "ಇನ್ನಾ ತಿಂಗಳೂ ತುಂಬಿಲ್ಲ ಅಂತಾರೆ, ಹಸಿ ಬಾಣಂತಿ! ನಿಮಗೆ ಯಾಕ್ರಿ ಬೇಕಿತ್ತು ಈ ಉಸಾಬರಿ? ಹತ್ತ್ರಿ ಏಣಿ!" ಅಂದರು. ಅಂಕಲ್ ಹತ್ತಿದರು. ಕೆಳಗೆ ನಾಲ್ಕು ಜನ ಹೆಂಗಸರು ನಿಂತು, ಎಡಕ್ಕೆ, ಬಲಕ್ಕೆ, ಇನ್ನೂ ಮೇಲೆ ಅನ್ನುತ್ತಿದ್ದೆವು. ಆಮೇಲೆ ಆ ಮನೆಯಿಂದ ಪ್ರಶ್ನೆ ಬಂದಿಲ್ಲ. ಬೇರೆ ಯಾರಾದರೂ ಕೇಳಿದರೆ ಆಂಟಿಯೇ ಉತ್ತರ ಕೊಡುತ್ತಾರೆ.

ಸ್ಟಾರಿನ ಮಾತು ಸಾಕು. ನನಗೆ ಬೇಕಾಗಿರುವ ಪ್ರಶ್ನೆಯೇ ಬೇರೆ, ಅದನ್ನು ಯಾರೂ ಕೇಳುವುದಿಲ್ಲ. ಕ್ರಿಸ್‌ಮಸ್ ದಿನ ನಮ್ಮ ಮನೆಗೆ ಬರುತ್ತೀರಿ, ಕೇಕ್ ತಿನ್ನುತ್ತೀರಿ, ಗೋದಲಿ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತೀರಿ. ಮೂರು ರಾಯರು ಫ್ರಿಜ್ ಮೇಲೆ ಏನು ಮಾಡುತ್ತಿದ್ದಾರೆ ಅಂತ ಒಬ್ಬರಾದರೂ ಕೇಳಬಾರದಾ?

ಅವರು ಇನ್ನೂ ದಾರಿಯಲ್ಲಿದ್ದಾರೆ. ನಮ್ಮ ಮನೆಯಲ್ಲಿ 25ಕ್ಕೆ ರಾಯರನ್ನು ಗೋದಲಿಯಲ್ಲಿ ಇಡುವುದಿಲ್ಲ. ಫ್ರಿಜ್ ಮೇಲಿಂದ ಹೊರಡುತ್ತಾರೆ. ಮಗಳು ದಿನಕ್ಕೆ ಒಂದಿಷ್ಟು ಸರಿಸುತ್ತಾಳೆ. ಹೊಲಿಗೆ ಮಿಷನ್, ಪುಸ್ತಕದ ಕಪಾಟು, ಟಿ.ವಿ. ಸ್ಟ್ಯಾಂಡು ದಾಟಿ ತಮ್ಮ ಹಬ್ಬದ ಹೊತ್ತಿಗೆ ಗೋದಲಿಗೆ ಬರುತ್ತಾರೆ. ಒಬ್ಬನ ಕೈ ಮುರಿದಿದೆ, ಫೆವಿಕ್ವಿಕ್ ಹಾಕಿದ್ದೇವೆ. ಒಂದು ಒಂಟೆ ಕಳೆದುಹೋಗಿ ಅದರ ಜಾಗಕ್ಕೆ ಚನ್ನಪಟ್ಟಣದ ಕುದುರೆ ಬಂದಿದೆ. ಮತ್ತಾಯ ಬರೆದಿದ್ದರಲ್ಲಿ ಅವರು ಮೂವರು ಅಂತಲೂ ಇಲ್ಲ, ರಾಜರು ಅಂತಲೂ ಇಲ್ಲ. ಪೂರ್ವದಿಂದ ಬಂದ ಜ್ಞಾನಿಗಳು, ಅಷ್ಟೇ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಇರುವುದರಿಂದ ಮೂವರು ಅಂತ ಲೆಕ್ಕ ಹಿಡಿದರು. ಅವರಿಗೆ ದಾರಿ ತೋರಿಸಿದ್ದೇ ನಕ್ಷತ್ರ. ಅದನ್ನು 26ಕ್ಕೆ ಇಳಿಸಿದರೆ ನಮ್ಮ ರಾಯರು ಹೊಲಿಗೆ ಮಿಷನ್ ಹತ್ತಿರವೇ ದಾರಿ ತಪ್ಪುತ್ತಾರೆ.

ಗೋದಲಿ ಬಗ್ಗೆ ಕೇಳಿದ್ದರೂ ಹೇಳುತ್ತಿದ್ದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಹುಲ್ಲು, ಎತ್ತು, ಕತ್ತೆ ಇಟ್ಟು ಮಾಡಿದರು. ನಾವು ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿ ಹಸಿರು ಹುಲ್ಲು ಬೆಳೆಸುತ್ತೇವೆ. ಹಿಮಕ್ಕೆ ಎಲ್ಲರೂ ಹತ್ತಿ ಹಾಕುತ್ತಾರೆ. ನಮ್ಮ ಮಗಳು ಮಂಡಕ್ಕಿ ಹಾಕುತ್ತಾಳೆ. ದಾವಣಗೆರೆಯಲ್ಲಿ ಹಿಮಕ್ಕೆ ಬರವೇ? ಜನವರಿ ಮೊದಲ ವಾರಕ್ಕೆ ಇರುವೆ ಸಾಲು ಬರುತ್ತದೆ. ಹಿಮ ಕರಗಿತು ಅನ್ನುತ್ತಾಳೆ.

ಹಾಡಿನ ವಿಷಯ ಉಳಿಯಿತು. ಮನೆಯಲ್ಲಿ ಹಬ್ಬದ ಹಾಡನ್ನು ದೀಕ್ಷಾಸ್ನಾನದ ಹಬ್ಬಕ್ಕೆ ನಿಲ್ಲಿಸುತ್ತೇವೆ. ಇದಕ್ಕೆ ಅತ್ತೆಯ ತಕರಾರಿಲ್ಲ, ಅವರಿಗೆ ಅಷ್ಟು ಹೊತ್ತಿಗೆ ಸಾಕಾಗಿರುತ್ತದೆ. ಆದರೆ ನನ್ನನ್ನು ಕೇಳುವವರಿಗೆ ಒಂದು ಮಾತು. ನಮ್ಮ ಬೀದಿಯಲ್ಲೇ ಒಂದು ಕಾರಿದೆ. ದಿನಾ ಬೆಳಗ್ಗೆ ರಿವರ್ಸ್ ತೆಗೆಯುವಾಗ 'ಜಿಂಗಲ್ ಬೆಲ್ಸ್' ಬಾರಿಸುತ್ತದೆ. ಯುಗಾದಿಗೂ ಅದೇ, ಶ್ರಾವಣಕ್ಕೂ ಅದೇ, ಗಣೇಶ ಚೌತಿಗೂ ಅದೇ. 1857ರಲ್ಲಿ ಅಮೆರಿಕದಲ್ಲಿ ಅಚ್ಚಾದ ಹಾಡು ಅದು. ಹಿಮದ ಮೇಲೆ ಕುದುರೆ ಗಾಡಿ ಓಡಿಸುವ ಹಾಡು, ಒಂದು ಸಾಲಿನಲ್ಲೂ ಕ್ರಿಸ್‌ಮಸ್ ಹೆಸರಿಲ್ಲ. ಆದರೂ ಅದು ಕೇಳಿದಾಗಲೆಲ್ಲ ಜನ ನನ್ನ ಮುಖ ನೋಡುತ್ತಾರೆ. ಆ ಕಾರಿನವರು ಯಾವಾಗ ನಿಲ್ಲಿಸುತ್ತಾರೆ ಅಂತ ಮೊದಲು ಕೇಳಿಕೊಂಡು ಬನ್ನಿ. ಆಮೇಲೆ ನನ್ನ ಸ್ಟಾರಿನ ಮಾತಾಡೋಣ.