ಮಗೂನ ನೋಡ್ಕೊಳ್ಳೋರ ಕೈಗೆ ದುಡ್ಡು ಯಾವಾಗ ಬರತ್ತೆ?

ಬಜೆಟ್ ಬಂತು ಅಂದ್ರೆ ರಸ್ತೆಗೆಷ್ಟು ಮೆಟ್ರೋಗೆಷ್ಟು ಅಂತ ಎಲ್ರೂ ಲೆಕ್ಕ ಹಾಕ್ತಾರೆ, ಅಂಗನವಾಡಿಗೆ ಎಷ್ಟಿಟ್ರು ಅಂತ ಕೇಳೋರು ತುಂಬಾ ಕಮ್ಮಿ. ಕೇಳಿದ್ರೂ ಹೊಸ ಕಟ್ಟಡ ಬಂತಾ, ಗೋಡೆಗೆ ಬಣ್ಣ ಹೊಡೆದ್ರಾ, ಅಷ್ಟೇ. ನಂಗೆ ಅನ್ಸೋದು, ಮೊದಲು ದುಡ್ಡು ಸೇರಬೇಕಾಗಿದ್ದು ಮಗೂನ ನೋಡ್ಕೊಳ್ಳೋ ಹೆಂಗಸಿಗೆ, ಅವರಿಗೇ ಕೊನೇಲಿ ಸಿಗ್ತಿದೆ.

ಅಂಗನವಾಡಿಗಳನ್ನ ನಡೆಸೋ ಯೋಜನೆ ಐಸಿಡಿಎಸ್ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ದೇಶದಲ್ಲಿ 33 ಕಡೆ. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ತಿ. ನರಸೀಪುರದಲ್ಲಿ. ಈಗ ಕರ್ನಾಟಕದಲ್ಲೇ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿ ಇದಾವೆ, 2013ರಿಂದ ಕ್ಷೀರಭಾಗ್ಯದ ಹಾಲು ಬರ್ತಿದೆ, ಮೊಟ್ಟೆನೂ ಕೊಡ್ತಾರೆ. ಇದನ್ನ ಸಣ್ಣ ಕೆಲಸ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೂ 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ನಮ್ಮಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ, ರಕ್ತಹೀನತೆ ಇರೋ ಮಕ್ಕಳು ಶೇ 65.5, ಅದೂ ಹಿಂದಿನ ಸಮೀಕ್ಷೆಗಿಂತ ಜಾಸ್ತಿ ಆಗಿದೆ. ಓದಿದಾಗ ಹೊಟ್ಟೆ ಉರಿಯತ್ತೆ.

ನಮ್ಮದು ತೀರ್ಥಹಳ್ಳಿ ಕಡೆ. ಅಂಗನವಾಡೀಲಿ ತೂಕ ಹಾಕೋ ದಿನ ಹೋಗಿ ಕೂತ್ರೆ ಗೊತ್ತಾಗತ್ತೆ ಅಲ್ಲಿ ಏನು ನಡೆಯತ್ತೆ ಅಂತ. ಟೀಚರ್ ಮಗೂನ ತಕ್ಕಡೀಲಿ ಕೂರಿಸಿ, ತಾಯಿ ಕಾರ್ಡ್‌ನಲ್ಲಿ ಚುಕ್ಕಿ ಇಟ್ಟು, ಗೆರೆ ಹಸಿರಿಂದ ಹಳದಿಗೆ ಇಳಿದಿದ್ದು ಕಂಡ ತಕ್ಷಣ ತಲೆ ಎತ್ತಿ, "ಏನೇ ಮಾರಾಯ್ತಿ, ಭೇದಿ ಏನಾದ್ರೂ ಆಗಿತ್ತಾ ಮಗೂಗೆ?" ಅಂತಾರೆ. "ಹೂಂ ಟೀಚರೇ, ಒಂದು ವಾರ ಏನೂ ತಿಂದಿಲ್ಲ, ನಾನೂ ತೋಟದ ಕೆಲಸಕ್ಕೆ ಹೋಗಿದ್ದೆ, ಅತ್ತೆ ನೋಡ್ಕೊಂಡಿದ್ರು." ಆಮೇಲೆ ಓಆರ್‌ಎಸ್ ಹೇಗೆ ಕೊಡೋದು, ಗಂಜಿಗೆ ತುಪ್ಪ ಹಾಕು, ದಿನಕ್ಕೆ ಎಷ್ಟು ಸಲ ತಿನ್ನಿಸ್ಬೇಕು, ಎಲ್ಲಾ ಹೇಳ್ತಾರೆ. ಒಂದು ಕಡೆ ಈ ಮಾತು, ಇನ್ನೊಂದು ಕಡೆ ಹಾಡು ಹೇಳ್ಸೋಕೆ ಕಾಯ್ತಾ ಇರೋ ಮಕ್ಕಳು, ಮಧ್ಯ ಮಕ್ಕಳ ತೂಕ, ಹಾಜರಿ ಎಲ್ಲಾ ತುಂಬೋ ಪೋಷಣ್ ಟ್ರ್ಯಾಕರ್ ಆ್ಯಪ್. 2025ರಿಂದ ಮನೆಗೆ ಪೌಷ್ಟಿಕ ಆಹಾರ ಕೊಡೋಕೆ ತಗೊಳ್ಳೋರ ಮುಖದ ಫೋಟೋ ಬೇರೆ ಹಿಡೀಬೇಕು. ನಮ್ಮ ಕಡೆ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ತಬೇಕು.

ಇಷ್ಟಕ್ಕೆಲ್ಲಾ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗೌರವಧನ ಕಾರ್ಯಕರ್ತೆಗೆ, ಅಂದ್ರೆ ನಾವು ಟೀಚರ್ ಅನ್ನೋರಿಗೆ, ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಮೇಲಿಂದ ರಾಜ್ಯ ಸೇರಿಸಿ ಕೊಡತ್ತೆ, ಅದೂ ಸುಮ್ನೆ ಬಂದಿದ್ದಲ್ಲ, 2017ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಸಾವಿರಾರು ಜನ ರಸ್ತೆ ಮೇಲೇ ಮಲಗಿ ಹೋರಾಟ ಮಾಡಿದ್ರಲ್ಲ, ಹಾಗೆ ಪ್ರತಿ ಸಲ ಬೀದಿಗೆ ಇಳಿದೇ ಪಡೀಬೇಕು. ಕೆಲಸ ಬಿಡೋವಾಗ ಕೊಡೋ ಇಡಿಗಂಟು, ಗ್ರಾಚ್ಯುಟಿ, ಸಿಗಬೇಕು ಅನ್ನೋದಕ್ಕೂ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು.

ಇನ್ನೊಂದು, ಊರು ನೋಡದೆ ಯೋಜನೆ ಮಾಡಿದ್ರೆ ಇಟ್ಟ ದುಡ್ಡೂ ಸರಿಯಾಗಿ ತಲುಪಲ್ಲ. 2017ರಲ್ಲಿ ಮಾತೃಪೂರ್ಣ ಬಂತು, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡೀಲೇ ಬಿಸಿ ಊಟ, ಅನ್ನ ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಯೋಚನೆ ಒಳ್ಳೇದೇ, ಮನೆಗೆ ಕೊಟ್ರೆ ಎಲ್ರಿಗೂ ಹಂಚಿ ಹೋಗತ್ತೆ, ಇಲ್ಲಿ ಅವಳೇ ಊಟ ಮಾಡ್ತಾಳೆ ಅಂತ. ಆದ್ರೆ ಮಲೆನಾಡಲ್ಲಿ ಒಂದು ಮನೆ ಇಲ್ಲಿದ್ರೆ ಇನ್ನೊಂದು ಗದ್ದೆ ಆಚೆ, ಮಳೆಗಾಲದಲ್ಲಿ ಏಳು ತಿಂಗಳ ಬಸುರಿ ಹಳ್ಳ ದಾಟಿ ಊಟಕ್ಕೆ ಬರೋಕಾಗತ್ತಾ? ಬಾಣಂತಿನ ಹೊಸಿಲು ದಾಟೋಕೇ ಮನೇಲಿ ಬಿಡಲ್ಲ, ತಲೆಗೆ ಬಟ್ಟೆ ಕಟ್ಟಿ ಮೆಣಸಿನ ಸಾರು ಅನ್ನ ಹಾಕಿ ಕೂರಿಸಿರ್ತಾರೆ. ಟೀಚರ್‌ನ ಒಂದು ಮಾತು ಕೇಳಿದ್ರೆ ಮೊದಲೇ ಹೇಳ್ತಿದ್ರು.

ಅಂಗನವಾಡೀಲಿ ದಿನಾ ಬಂದು ಕೂರೋ ಮಕ್ಕಳು ಮೂರರಿಂದ ಆರು ವರ್ಷದವರು. ಮೂರರೊಳಗಿನವರಿಗೆ ಪೊಟ್ಟಣ ಮನೆಗೆ ಹೋಗತ್ತೆ, ಆದ್ರೆ ಅಮ್ಮ ಕೂಲಿಗೆ ಹೋದ್ರೆ ಅದನ್ನ ತಿನ್ನಿಸೋರು ಯಾರು? ಆರು ವರ್ಷದೊಳಗೇ ಮಿದುಳಿನ ಬೆಳವಣಿಗೆ ಶೇ 85ಕ್ಕಿಂತ ಜಾಸ್ತಿ ಆಗಿಬಿಡತ್ತೆ ಅಂತ 2020ರ ಶಿಕ್ಷಣ ನೀತೀಲೇ ಬರೆದಿದಾರೆ, ಅದರಲ್ಲೂ ಮೊದಲ ಸಾವಿರ ದಿನ ಎಷ್ಟು ಮುಖ್ಯ ಅಂತ ಡಾಕ್ಟ್ರುಗಳು ಹೇಳ್ತಾನೇ ಇರ್ತಾರೆ. ಅದಕ್ಕೇ 2023ರಲ್ಲಿ ಕೂಲಿಗೆ ಹೋಗೋ ಅಮ್ಮಂದಿರ ಪುಟ್ಟ ಮಕ್ಕಳನ್ನ ಹಗಲು ನೋಡ್ಕೊಳ್ಳೋಕೆ ಕೂಸಿನ ಮನೆ ಅಂತ ಪಂಚಾಯ್ತಿ ಮಟ್ಟದಲ್ಲಿ ಶುರು ಮಾಡಿದಾಗ ನಂಗೆ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ಅಲ್ಲಿ ನೋಡ್ಕೊಳ್ಳೋ ಹೆಂಗಸರಿಗೆ ಕೊಟ್ಟಿದ್ದು ಉದ್ಯೋಗ ಖಾತ್ರಿಯ ನರೇಗಾ ಕೂಲಿ, ನರೇಗಾದಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನದ ಮಿತಿ ಇತ್ತು, ಹಂಗಾಗಿ ಒಬ್ರ ದಿನ ಮುಗಿದ್ರೆ ಇನ್ನೊಬ್ರು ಬರಬೇಕಿತ್ತು. ಎಂಟು ತಿಂಗಳ ಕೂಸು ಒಂದು ಮುಖಕ್ಕೆ, ಒಂದು ದನಿಗೆ ಹೊಂದಿಕೊಂಡು ಅವರ ಹೆಗಲ ಮೇಲೆ ನಿದ್ದೆ ಮಾಡೋಕೆ ಶುರು ಮಾಡೋ ಹೊತ್ತಿಗೆ ಅವರೇ ಬದಲಾಗಿಬಿಟ್ರೆ ಹೇಗೆ? ಮತ್ತೆ ಅಳು, ಮತ್ತೆ ಊಟ ಬಿಡೋದು, ಅಮ್ಮ ಕೆಲಸ ಬಿಟ್ಟು ವಾಪಸ್ ಮನೆಗೆ.

ಮುಂದಿನ ಗ್ರಾಮಸಭೇಲಿ ನಾವು ಕೆಲವರು ಇದನ್ನೇ ಕೇಳೋಣ ಅಂತ ಇದೀವಿ. ಕೂಸಿನ ಮನೆಗೆ ಇಬ್ಬರು ಕಾಯಂ ಆಗಿ ವರ್ಷಪೂರ್ತಿ ಇರಬೇಕು, ಅವರ ಸಂಬಳಕ್ಕೆ ಪಂಚಾಯ್ತಿ ಸ್ವಂತ ತೆರಿಗೆ ದುಡ್ಡಲ್ಲಿ ಎಷ್ಟು ಹಾಕೋಕಾಗತ್ತೆ ಅಂತ ಪಿಡಿಓ ಲೆಕ್ಕ ಮುಂದಿಡಬೇಕು. ನಿಮ್ಮೂರಲ್ಲಿ ಈ ತರ ಯಾರಾದ್ರೂ ಮಾಡಿದ್ರೆ ದಯವಿಟ್ಟು ತಿಳಿಸಿ, ಸಭೇಲಿ ಉದಾಹರಣೆ ತೋರಿಸೋಕೆ ಬೇಕು.