ಹಿಗ್ಗುವ ಬಟ್ಟೆಗೆ ಹೆಗಲಿನ ಅಳತೆ

14 ಜೂನ್ 2025, ಶನಿವಾರ

ಅತ್ತಿಗೆಯ ಟಾಪ್ ಇವತ್ತು ಕಾಗದದ ಮೇಲೆ ಒಂದು ರೂಪಕ್ಕೆ ಬಂತು. ಅವರ ತಕರಾರು ಹಳೆಯದು: "ಎದೆಗೆ ಸರಿಯಾದ ಟೀಶರ್ಟ್ ತಗೊಂಡ್ರೆ ಹೆಗಲು ಜಾರುತ್ತೆ, ಹೆಗಲಿಗೆ ಸರಿಯಾದದ್ದು ತಗೊಂಡ್ರೆ ಎದೆ ಹತ್ರ ಎಳೆಯುತ್ತೆ. ಈ ಬನಿಯನ್ ಬಟ್ಟೆ ನನಗೆ ಒಪ್ಪೋದಿಲ್ಲ ಬಿಡೇ." ನಾನು ಹೇಳಿದೆ, "ಅತ್ತಿಗೆ, ಬಟ್ಟೆ ಮೇಲೆ ಯಾಕೆ ಸಿಟ್ಟು? ಮೊದಲು ಟೇಪು ಹಿಡ್ಕೊಳ್ಳಿ."

ಬನಿಯನ್ ಥರದ ಹೆಣೆದ ಬಟ್ಟೆಯ ಟಾಪ್‌ಗೆ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಅಚ್ಚು) ಆರಿಸುವಾಗ ಬಹಳ ಜನ ಎದೆಯ ಪೂರ್ತಿ ಸುತ್ತಳತೆ ನೋಡಿ ಸೈಜ್ ಗುರುತಿಸುತ್ತಾರೆ. ನಾನು ನೋಡುವುದು ಅದಕ್ಕಿಂತ ಮೇಲಿನದನ್ನು: ಟೇಪನ್ನು ಕಂಕುಳ ಕೆಳಗಿಂದ ತಂದು ಎದೆಯ ಉಬ್ಬಿನ ಮೇಲ್ಗಡೆ ಸುತ್ತಿದಾಗ ಬರುವ ಅಳತೆ. ಹೆಗಲು, ಕುತ್ತಿಗೆ, ತೋಳು ಕೂರುವ ಜಾಗ ಎಲ್ಲವೂ ಆ ಎಲುಬಿನ ಚೌಕಟ್ಟಿನ ಮೇಲೆ ನಿಂತಿವೆ. ಅತ್ತಿಗೆಗೆ ಮೇಲೆ 87 ಸೆಂಟಿಮೀಟರ್, ಎದೆಯ ತುಂಬಿದ ಭಾಗದಲ್ಲಿ 98. ಸಾಮಾನ್ಯವಾಗಿ ಪ್ಯಾಟರ್ನ್ ಬರೆಯುವವರು ಈ ಎರಡರ ನಡುವೆ ಸುಮಾರು 5 ಸೆಂಟಿಮೀಟರ್ ವ್ಯತ್ಯಾಸ ಇರುವ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಹಾಗಾಗಿ ಸೈಜ್ ಪಟ್ಟಿಯಲ್ಲಿ ಎದೆ 92 ಎಂದಿರುವ ಸೈಜ್ ತೆಗೆದುಕೊಂಡೆ. ಹೆಗಲು ತಾನಾಗಿಯೇ ಸರಿಹೋಯಿತು. ಉಳಿದ 6 ಸೆಂಟಿಮೀಟರ್‌ಗೆ ಜಾಗ ಮಾಡುವುದು ಆಮೇಲಿನ ಕೆಲಸ. ಹೆಗಲನ್ನು ಕಿರಿದು ಮಾಡುವುದಕ್ಕಿಂತ ಅದು ಎಷ್ಟೋ ಸುಲಭ.

ಆದರೆ ಅದಕ್ಕೂ ಮೊದಲು ಬಟ್ಟೆ. ನೇಯ್ದ ಬಟ್ಟೆಯ ಬ್ಲೌಸಿಗೆ ಒಂದೇ ಪ್ಯಾಟರ್ನ್ ಇಟ್ಟುಕೊಂಡು ಹತ್ತು ಥರದ ಬಟ್ಟೆ ಹೊಲಿಯಬಹುದು. ಇಲ್ಲಿ ಹಾಗೆ ನಡೆಯುವುದಿಲ್ಲ. ಹಿಗ್ಗುವ ಬಟ್ಟೆಯ ಪ್ಯಾಟರ್ನ್ ಎಂದರೆ ಇಂತಿಷ್ಟು ಹಿಗ್ಗುವ ಬಟ್ಟೆಗೆ ಮಾತ್ರ ಎಂದೇ ಲೆಕ್ಕ. ಬಟ್ಟೆಯನ್ನು ಅಡ್ಡಕ್ಕೆ ಮಡಚಿ, ಮಡಿಕೆಯ ಮೇಲೆ 10 ಸೆಂಟಿಮೀಟರ್ ಗುರುತು ಹಾಕಿ, ಅಳತೆಪಟ್ಟಿಯ ಪಕ್ಕ ಹಿಡಿದು ಎಳೆಯಬೇಕು. ಒಂಟಿ ಅಂಚನ್ನು ಎಳೆದರೆ ಅದು ಸುರುಳಿ ಸುತ್ತಿ ಮೋಸ ಮಾಡುತ್ತದೆ. ಬಲವಂತ ಮಾಡದೆ 14ಕ್ಕೆ ಬಂದರೆ ಹಿಗ್ಗು ಶೇಕಡಾ 40. ಬಿಟ್ಟಾಗ ಮತ್ತೆ 10ಕ್ಕೇ ಮರಳುತ್ತದೆಯೇ ಎನ್ನುವುದು ನನಗೆ ಇನ್ನೂ ಮುಖ್ಯ. 11ರಲ್ಲೇ ನಿಂತುಬಿಟ್ಟರೆ ಆ ಬಟ್ಟೆಯಲ್ಲಿ ಮೈಗಂಟುವ ಟಾಪ್ ಹೊಲಿಯಬಾರದು. ಸಂಜೆಯ ಹೊತ್ತಿಗೆ ಮೊಣಕೈ ಜೋತು ಬೀಳುತ್ತದೆ, ಕುತ್ತಿಗೆ ಬಾಯಿಬಿಡುತ್ತದೆ. ಹಳೆಯ ಪ್ಯಾಟರ್ನ್ ಕೈಗೆ ಸಿಕ್ಕಾಗಲೂ ಇದನ್ನೇ ನೆನೆಯುತ್ತೇನೆ. ಲೈಕ್ರಾ ಎಂದೂ ಕರೆಯುವ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಡ್ಯೂಪಾಂಟ್ ಕಂಪನಿಯಲ್ಲಿ ರೂಪುಗೊಂಡಿದ್ದು 1958ರಲ್ಲಿ, ದಿನಬಳಕೆಯ ಟೀಶರ್ಟ್ ಬಟ್ಟೆಯೊಳಗೆ ಅದು ಸೇರಿದ್ದು ಎಷ್ಟೋ ತಡವಾಗಿ. ಅದಿಲ್ಲದ ಬಟ್ಟೆಗೆಂದು ಬರೆದ ಪ್ಯಾಟರ್ನನ್ನು ಇವತ್ತಿನ ಲೈಕ್ರಾ ಬೆರೆತ ಬಟ್ಟೆಯಲ್ಲಿ ಹೊಲಿದರೆ ಟಾಪ್ ಚೀಲದ ಹಾಗೆ ನಿಲ್ಲುತ್ತದೆ.

ಅತ್ತಿಗೆ ಕೈಯಲ್ಲಿ ಎರಡು ಬಟ್ಟೆ ಇದ್ದವು. ಒಂದು ತೆಳು ರೇಯಾನ್ ಲೈಕ್ರಾ, ಇನ್ನೊಂದು ಹತ್ತಿಯ ಇಂಟರ್‌ಲಾಕ್. ರೇಯಾನ್ ನೋಡಲು ಚಂದ, ಇಳಿಬೀಳುವ ರೀತಿಯೇ ಬೇರೆ. ಆದರೆ ಒಳಗಿನ ಪ್ರತಿ ಗೆರೆಯನ್ನೂ ಹೊರಗೆ ತೋರಿಸುತ್ತದೆ, ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. ಇಂಟರ್‌ಲಾಕ್ ಎರಡು ಪದರ ಹೆಣೆದದ್ದು; ಅಂಚು ಸುರುಳಿಯಾಗುವುದಿಲ್ಲ, ಮೈಗೆ ಅಂಟದೆ ಮೇಲಿಂದ ಜಾರಿಕೊಂಡು ಇಳಿಯುತ್ತದೆ. ಅದನ್ನೇ ಆರಿಸಿದೆವು. ತೊಳೆದು ಒಣಗಿಸಿಯೂ ಆಗಿದೆ. ಹತ್ತಿಯ ಹೆಣೆದ ಬಟ್ಟೆ ಕುಗ್ಗುವಾಗ ಉದ್ದದಲ್ಲೇ ಹೆಚ್ಚು ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಹೊಟ್ಟೆ ಕಾಣುವ ಟಾಪ್ ಸಿಗುತ್ತದೆ.

ಮೈಗೆ ಒಪ್ಪುವುದು ಅಂದರೆ ಬಿಗಿಯಾಗಿರುವುದು ಅಂತ ಯಾರು ಹೇಳಿಕೊಟ್ಟರೋ! ಹಿಗ್ಗಿ ಮರಳುವ ಬಟ್ಟೆಯಾದರೆ ಟಾಪನ್ನು ಮೈಯ ಅಳತೆಗಿಂತ ಚಿಕ್ಕದಾಗಿ ಕತ್ತರಿಸಬಹುದು, ನಿಜ. ಆ ಚಿಕ್ಕದು ಎಲ್ಲೆಲ್ಲಿ ಅನ್ನುವುದರಲ್ಲೇ ಚಂದ ಇರುವುದು. ಹೆಗಲು ಮೈಗೆ ಸರಿಸಮ, ಎದೆಯಲ್ಲಿ ಎರಡು ಮೂರು ಸೆಂಟಿಮೀಟರ್ ಕಡಿಮೆ, ಎದೆಯ ಕೆಳಗಿಂದ ಹೊಟ್ಟೆಯವರೆಗೆ ಮೈಗಿಂತ ಒಂದಿಷ್ಟು ಹೆಚ್ಚು. ಮೇಲೆ ಹಿಡಿತ ಇದ್ದರೆ ಕೆಳಗಿನ ಸಡಿಲ ಉದ್ದೇಶಪೂರ್ವಕವಾಗಿ ಬಿಟ್ಟದ್ದು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಮೇಲೂ ಸಡಿಲವಾದರೆ ಯಾರದೋ ಬಟ್ಟೆ ಹಾಕಿಕೊಂಡ ಹಾಗೆ.

ಇನ್ನು ಆ 6 ಸೆಂಟಿಮೀಟರ್. ಮುಂಭಾಗದ ಕಾಗದದಲ್ಲಿ ಎದೆಯ ಮಟ್ಟಕ್ಕೆ ಅಡ್ಡಗೆರೆ ಎಳೆದು, ಕತ್ತರಿಸಿ, ಎರಡು ತುಂಡುಗಳನ್ನು 2 ಸೆಂಟಿಮೀಟರ್ ದೂರ ಇಟ್ಟು ನಡುವೆ ಕಾಗದ ಅಂಟಿಸಿದೆ. ಮುಂಭಾಗ ಉದ್ದವಾಯಿತು. ಎದೆ ತುಂಬಿದವರಿಗೆ ಮುಂದಿನ ಅಂಚು ಮೇಲೇರುವುದು ಅಗಲ ಸಾಲದ್ದಕ್ಕಷ್ಟೇ ಅಲ್ಲ, ಈ ಉದ್ದ ಇಲ್ಲದ್ದಕ್ಕೂ. ಅಗಲಕ್ಕೆ ಅರ್ಧ ಕಾಗದದ ಬದಿಯಲ್ಲಿ ಎದೆಯ ಹತ್ತಿರ ಒಂದೂವರೆ ಸೆಂಟಿಮೀಟರ್ ಹೊರಕ್ಕೆ ಬಾಗಿಸಿದೆ. ಎರಡು ಬದಿ ಸೇರಿ 3, ಮಿಕ್ಕ 3 ಬಟ್ಟೆಯ ಹಿಗ್ಗಿಗೆ ಬಿಟ್ಟದ್ದು. ಈಗ ಮುಂಭಾಗದ ಬದಿ ಹಿಂಭಾಗಕ್ಕಿಂತ 2 ಸೆಂಟಿಮೀಟರ್ ಉದ್ದ. ಅದನ್ನು ಎದೆಯ ಮಟ್ಟದ ಆಸುಪಾಸಿನಲ್ಲೇ ಬೆರಳಿನಿಂದ ಒತ್ತಿಕೊಂಡು ಕೂಡಿಸಿದರೆ ಡಾರ್ಟ್ (ಆಕಾರಕ್ಕೆಂದು ಮಡಚಿ ಹೊಲಿಯುವ ಮೊನೆ) ಇಲ್ಲದೆ ಮುಗಿಯುತ್ತದೆ. ಇದೇ ಹೆಚ್ಚುವರಿಯನ್ನು ಇನ್ನೂ ಬೆಳೆಸಿ ಬದಿಯುದ್ದಕ್ಕೂ ನೆರಿಗೆ ಕೊಟ್ಟರೆ ಹೊಟ್ಟೆ ಮರೆಸುವ ಟಾಪ್ ಆಗುತ್ತದೆ. ಅತ್ತಿಗೆಗೆ ಬೇಡವಂತೆ.

ಇಷ್ಟವಾದ ಹಳೆಯ ಟೀಶರ್ಟಿನಿಂದಲೇ ಪ್ಯಾಟರ್ನ್ ತೆಗೆಯಬಹುದಲ್ಲ ಎಂದು ಕೇಳಿದರು. ತೆಗೆಯಬಹುದು. ನಡುವೆ ಮಡಚಿ, ಕಾಗದದ ಮೇಲೆ ಹರಡಿ, ಹೊಲಿಗೆಗುಂಟ ಗುಂಡುಸೂಜಿ ಚುಚ್ಚುತ್ತ ಹೋದರೆ ಗೆರೆ ಸಿಗುತ್ತದೆ. ಕುತ್ತಿಗೆಯನ್ನು ಮಾತ್ರ ನಂಬಬಾರದು, ವರ್ಷಗಟ್ಟಲೆ ಹಾಕಿ ತೆಗೆದು ಹಿಗ್ಗಿರುತ್ತದೆ. ಹೊಲಿಗೆಗೆ ಬಿಡುವ ಅಂಚನ್ನೂ ನಾವೇ ಸೇರಿಸಬೇಕು. ಹೊಲಿಗೆಯ ಪ್ಯಾಟರ್ನ್ ಕೊಡುವ ಬುರ್ಡಾ ಪತ್ರಿಕೆಯ ಹಾಳೆಯಿಂದ ಇಳಿಸಿಕೊಂಡಾಗಲೂ ಹಾಗೆಯೇ, ಅದರಲ್ಲಿ ಅಂಚು ಸೇರಿರುವುದಿಲ್ಲ. ಮನೆಯಲ್ಲೇ ಪ್ರಿಂಟ್ ತೆಗೆಯುವ ಪ್ಯಾಟರ್ನ್ ಆದರೆ ಅಳತೆ ಸರಿಯಾಗಿ ಮುದ್ರಣವಾಗಿದೆಯೇ ಎಂದು ನೋಡಲು ಮೊದಲ ಹಾಳೆಯಲ್ಲಿರುವ ಪರೀಕ್ಷಾ ಚೌಕವನ್ನು ಅಳೆಯದೆ ಮುಂದಿನ ಹಾಳೆ ತೆಗೆಯುವುದೇ ಬೇಡ.

ಕುತ್ತಿಗೆ ಪಟ್ಟಿಯ ಲೆಕ್ಕವನ್ನೂ ಇಂದೇ ಮುಗಿಸಿದೆ. ಕುತ್ತಿಗೆ ಸುತ್ತು 60 ಸೆಂಟಿಮೀಟರ್, ಅದರ ಶೇಕಡಾ 85 ಅಂದರೆ 51, ಜೊತೆಗೆ ಜೋಡಿಸಲು ಅಂಚು. ಗೆರೆಗೆರೆಯಾಗಿ ಹೆಣೆದ, ಹೆಚ್ಚು ಹಿಗ್ಗುವ ರಿಬ್ ಬಟ್ಟೆಯಾಗಿದ್ದರೆ ಇನ್ನೂ ಕಡಿಮೆ ಮಾಡುತ್ತಿದ್ದೆ. ಪಟ್ಟಿಯನ್ನು ಸಮನಾಗಿ ಎಳೆಯುವುದಕ್ಕಿಂತ ಮುಂದಿನ ತಿರುವಿನಲ್ಲಿ ಹೆಚ್ಚು, ಹೆಗಲ ಹತ್ತಿರ ಕಡಿಮೆ ಎಳೆದರೆ ಪಟ್ಟಿ ಎದೆಗೆ ಒರಗಿ ಮಲಗುತ್ತದೆ.

ಮಷೀನಿಗೆ ಹಿಗ್ಗುವ ಬಟ್ಟೆಗೆಂದೇ ಇರುವ 75ರ ಸ್ಟ್ರೆಚ್ ಸೂಜಿ ಹಾಕಿಟ್ಟಿದ್ದೇನೆ. ಚೂಪು ಸೂಜಿ ಹೆಣಿಗೆಯ ಕೊಂಡಿಯನ್ನೇ ಕತ್ತರಿಸಿ ತೂತು ಮಾಡುತ್ತದೆ, ಇದರ ಮೊಂಡು ತುದಿ ಕೊಂಡಿಗಳ ನಡುವೆ ನುಸುಳುತ್ತದೆ. ಓವರ್‌ಲಾಕ್ ಮಷೀನ್ (ಅಂಚು ಕಟ್ಟುತ್ತ ಹೊಲಿಯುವುದು) ಇಲ್ಲದವರಿಗೆ ಅಗಲ 1, ಉದ್ದ 2.5 ಮಿಲಿಮೀಟರಿನ ಸಣ್ಣ ಜಿಗ್‌ಜಾಗ್ ಸಾಕು. ಹೆಗಲ ಹೊಲಿಗೆಯೊಳಗೆ ಮಾತ್ರ ಹಿಗ್ಗದ ಬಟ್ಟೆಯ ಟೇಪು ಇಡಲೇಬೇಕು, ತೋಳಿನ ಭಾರವೆಲ್ಲ ಅಲ್ಲಿಗೇ.

ಅತ್ತಿಗೆಗೆ ಈಗ ಪೂರ್ತಿ ತೋಳು ಬೇಕಂತೆ. ತೋಳಿನ ಸುತ್ತಳತೆ ಬರೆದುಕೊಳ್ಳುವ ಮೊದಲೇ ಫೋನ್ ಬಂತು, ಎದ್ದು ಹೋದರು. ಕತ್ತರಿ ಹಾಕುವುದು ಅದಾದ ಮೇಲೆ.